ಕಮ್ಮಾರನ ಜಾಡು: ಚಾಂಪಿಯನ್ ರೀಫ್‌ನಿಂದ ಕ್ಯಾಂಬೋರ್ನ್‌ವರೆಗೆ

ಹುಡುಕಾಟ ಶುರುವಾದಾಗ ಕೈಯಲ್ಲಿದ್ದದ್ದು ಒಂದೇ ಒಂದು ಸಾಲು. ಕೋಲಾರ ಚಿನ್ನದ ಗಣಿಯ ಸಮಾಧಿ ದಾಖಲೆಯದು: ಹೆಸರು, ವಯಸ್ಸು 44, ಕಸುಬು ಕಮ್ಮಾರ, ಸಾವಿಗೆ ಕಾರಣ ಜ್ವರ, ವರ್ಷ 1896, ಕೊನೆಗೆ ಪಾದ್ರಿಯ ಸಹಿ. ಎಲ್ಲಿಂದ ಬಂದವನು, ಹೆಂಡತಿ ಮಕ್ಕಳಿದ್ದರೇ ಎಂಬ ಬಗ್ಗೆ ಒಂದಕ್ಷರವೂ ಇಲ್ಲ. ಮನೆತನದವರು ಇಂದಿಗೂ ಇದ್ದಾರೆ, ಹಾಗಾಗಿ ಹೆಸರು ಬೇಡ. ಕಮ್ಮಾರ ಎಂದೇ ಕರೆಯೋಣ.

ಇಂಥ ದಾಖಲೆ ಸಿಗುವ ಜಾಗವನ್ನು ಮೊದಲು ಹೇಳಬೇಕು, ಏಕೆಂದರೆ ಬಹಳಷ್ಟು ಜನ ಅಲ್ಲೇ ದಾರಿ ತಪ್ಪುತ್ತಾರೆ. ಭಾರತದಲ್ಲಿ ಸತ್ತ ಬ್ರಿಟಿಷರನ್ನು ಇಂಗ್ಲೆಂಡಿನ ಜನನ ಮರಣ ಸೂಚಿಯಲ್ಲಿ ಹುಡುಕಿ, ಸಿಗಲಿಲ್ಲವೆಂದು ಕೈಬಿಡುವವರು ಹೆಚ್ಚು. ಇಲ್ಲಿನ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಸಮಾಧಿ ಪಟ್ಟಿಗಳ ಪ್ರತಿಗಳು ಪ್ರೆಸಿಡೆನ್ಸಿಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ: ಬಂಗಾಳದ ಕಡತಗಳ ಗುರುತು ಎನ್/1, ಮದ್ರಾಸಿನದು ಎನ್/2, ಬೊಂಬಾಯಿಯದು ಎನ್/3. ಮೈಸೂರು ಸಂಸ್ಥಾನದ ಚರ್ಚುಗಳನ್ನು ಎನ್/2ರಲ್ಲಿ ನೋಡಬೇಕು. ಅಲ್ಲಿ ಆಂಗ್ಲಿಕನ್ ಚರ್ಚಿನವೇ ಹೆಚ್ಚು. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ಬಂದ ಗಣಿ ಕೆಲಸಗಾರರಲ್ಲಿ ಆಂಗ್ಲಿಕನ್ನರಿಂದ ಬೇರೆಯಾದ ಮೆಥಡಿಸ್ಟ್ ಪಂಗಡದವರು ಬಹಳ. ಎನ್/2ರಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಆತ ಗಣಿಗೆ ಬರಲೇ ಇಲ್ಲ ಎಂದು ತೀರ್ಮಾನಿಸಬಾರದು.

ಕಾರ್ನ್‌ವಾಲ್ ಎಂದು ಶಂಕಿಸಲು ಕಾರಣವಿತ್ತು. ಅಲ್ಲಿ 1866ರಲ್ಲಿ ತಾಮ್ರದ ಬೆಲೆ ಕುಸಿದು ಗಣಿಗಳು ಒಂದರ ಹಿಂದೊಂದು ಮುಚ್ಚಿದವು. ಗಣಿ ಕೆಲಸಗಾರರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕ ಎಂದು ಚದುರಿದರು. 1880ರಲ್ಲಿ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿ, ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಆಡಳಿತ ಬಂದ ಮೇಲೆ ಆ ಜನರಲ್ಲಿ ಒಂದಷ್ಟು ಮಂದಿ ಕೋಲಾರಕ್ಕೂ ಬಂದರು. ಆದರೆ ಶಂಕೆ ಪುರಾವೆಯಲ್ಲ. ಅದಕ್ಕೊಂದು ಕಾಗದ ಬೇಕು.

ಆ ಕಾಗದ ಸಿಕ್ಕಿದ್ದು ಪ್ರೊಬೇಟ್ ಕ್ಯಾಲೆಂಡರಿನಲ್ಲಿ, ಅಂದರೆ ಸತ್ತವರ ಆಸ್ತಿ ಯಾರ ಕೈಗೆ ಹೋಯಿತೆಂಬ ಪಟ್ಟಿಯಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1858ರ ಜನವರಿ 12ರಿಂದ ಉಯಿಲು, ವಾರಸಾ ಪತ್ರಗಳೆಲ್ಲ ಸರ್ಕಾರಿ ಕಚೇರಿಗೆ ಬಂದವು. ವರ್ಷಕ್ಕೊಂದರಂತೆ ಅಕಾರಾದಿ ಪಟ್ಟಿ ಇದೆ. ಹುಡುಕಲು ಹಣ ಕೊಡಬೇಕಿಲ್ಲ. ಕೂಲಿ ಮಾಡಿ ಬದುಕಿದವನಿಗೆ ಉಯಿಲೆಲ್ಲಿ ಎಂದು ಈ ಪಟ್ಟಿಯನ್ನು ಬಿಟ್ಟುಬಿಡುವುದು ದೊಡ್ಡ ನಷ್ಟ. ದೂರದ ದೇಶದಲ್ಲಿ ಸತ್ತವನ ಉಳಿಕೆ ಸಂಬಳ, ಸಂಘದ ವಂತಿಗೆ ಹಣ ಬಿಡಿಸಿಕೊಳ್ಳಲು ಹೆಂಡತಿಗೆ ಈ ಪತ್ರ ಬೇಕಾಗುತ್ತಿತ್ತು. ಸತ್ತ ವರ್ಷವಷ್ಟೇ ಅಲ್ಲ, ಮುಂದಿನ ಎರಡು ಮೂರು ವರ್ಷಗಳನ್ನೂ ನೋಡಬೇಕು. ನಮ್ಮ ಕಮ್ಮಾರ 1897ರ ಪಟ್ಟಿಯಲ್ಲಿದ್ದ: ಹಿಂದೆ ಕ್ಯಾಂಬೋರ್ನ್ (ಕಾರ್ನ್‌ವಾಲ್‌ನ ಗಣಿ ಊರು) ವಾಸಿ, ಭಾರತದ ಮೈಸೂರಿನ ಚಾಂಪಿಯನ್ ರೀಫ್‌ನಲ್ಲಿ (ಕೋಲಾರದ ಗಣಿಗಳಲ್ಲೊಂದು) ಮರಣ, ಉಯಿಲಿಲ್ಲ, ಆಡಳಿತ ವಿಧವೆಗೆ, ಮೊತ್ತ 88 ಪೌಂಡ್. ಆ ಮೊತ್ತದಲ್ಲಿ ಮನೆ ಜಮೀನು ಸೇರಿಲ್ಲ ಎಂಬುದು ನೆನಪಿರಲಿ. ಸ್ಥಿರಾಸ್ತಿ ಆ ಲೆಕ್ಕಕ್ಕೆ ಬಂದದ್ದು 1898ರಿಂದ.

ಒಂದು ಸಾಲು ಈಗ ಮೂರು ಸಂಗತಿಯಾಯಿತು: ಊರು, ಹೆಂಡತಿಯ ಹೆಸರು, ಆಕೆ 1897ರಲ್ಲಿ ಬದುಕಿದ್ದಳೆಂಬುದು. ಅಲ್ಲಿಂದ 1901ರ ಮಾರ್ಚ್ 31ರ ಜನಗಣತಿಗೆ. ಕ್ಯಾಂಬೋರ್ನ್‌ನಲ್ಲಿ ಆ ಹೆಸರಿನ ವಿಧವೆ ಮನೆಯ ಯಜಮಾನಿ. ಕಸುಬು ಬಟ್ಟೆ ತೊಳೆಯುವುದು, ಸ್ವಂತ ದುಡಿಮೆ. ಜತೆಗೆ 22ರ ಮಗಳು, 17ರ ಮಗ.

ಮಗನ ವಯಸ್ಸಿನಿಂದ ತಾಯಿಯ ತವರಿನ ಹೆಸರು ಪತ್ತೆಯಾಗುತ್ತದೆ. ಹಳೆಯ ಜನನ ಸೂಚಿಯಲ್ಲಿ ತಾಯಿಯ ತವರಿನ ಹೆಸರು ಕಾಣಿಸುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ. ಜನನ ಮರಣ ನೋಂದಣಿಯ ಕೇಂದ್ರ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸ್ ಹೊಸದಾಗಿ ತಯಾರಿಸಿ ಆನ್‌ಲೈನ್‌ನಲ್ಲಿಟ್ಟ ಸೂಚಿಯಲ್ಲಿ ಅದು 1837ರಿಂದಲೇ ಇದೆ. ಈ ಸೂಚಿಯಲ್ಲಿ ಒಂದು ಸಲಕ್ಕೆ ಒಂದು ವರ್ಷ, ಅದರ ಹಿಂದೆ ಮುಂದೆ ಎರಡು ವರ್ಷ, ಗಂಡು ಇಲ್ಲವೇ ಹೆಣ್ಣು, ಇಷ್ಟೇ ಕೇಳಲು ಸಾಧ್ಯ. ಇಪ್ಪತ್ತು ವರ್ಷ ಜಾಲಾಡಬೇಕೆಂದರೆ ಐದೈದು ವರ್ಷದ ಹೆಜ್ಜೆಯಲ್ಲಿ, ಗಂಡಿಗೊಮ್ಮೆ ಹೆಣ್ಣಿಗೊಮ್ಮೆ ಹೋಗಬೇಕು. ಬೇಸರದ ಕೆಲಸವೇ. ಆದರೆ ಎರಡು ಗಣತಿಗಳ ನಡುವೆ ಹುಟ್ಟಿ ಸತ್ತ ಮಕ್ಕಳು ಸಿಗುವುದು ಈ ದಾರಿಯಲ್ಲೇ.

ಕ್ಯಾಂಬೋರ್ನ್ ಎಂದು ಟೈಪಿಸಿದರೆ ಮಾತ್ರ ಏನೂ ಬರುವುದಿಲ್ಲ. ಸೂಚಿ ಇರುವುದು ನೋಂದಣಿ ಜಿಲ್ಲೆಯ ಹೆಸರಿನಲ್ಲಿ, ಕ್ಯಾಂಬೋರ್ನ್ ಸೇರಿದ್ದು ರೆಡ್ರೂತ್ ಜಿಲ್ಲೆಗೆ. 1852ರಿಂದ ಕಾರ್ನ್‌ವಾಲ್‌ನ ಸಂಪುಟ ಸಂಖ್ಯೆ 5ಸಿ.

ತವರಿನ ಹೆಸರು ಗೊತ್ತಾದ ಮೇಲೆ ಮದುವೆ ಕಷ್ಟವಲ್ಲ. 1912ಕ್ಕೆ ಮುಂಚಿನ ಮದುವೆ ಸೂಚಿಯಲ್ಲಿ ಯಾರು ಯಾರನ್ನು ಮದುವೆಯಾದರು ಎಂದಿರುವುದಿಲ್ಲ. ಗಂಡು ಒಂದು ಕಡೆ, ಹೆಣ್ಣು ಒಂದು ಕಡೆ. ಈ ಸೂಚಿಗಳನ್ನು ಉಚಿತವಾಗಿ ಹುಡುಕಲು ಬಿಡುವ ಫ್ರೀಬಿಎಂಡಿ ತಾಣದಲ್ಲಿ ಪುಟಸಂಖ್ಯೆಯ ಮೇಲೆ ಒತ್ತಿದರೆ ಆ ಪುಟದ ಹೆಸರುಗಳೆಲ್ಲ ಬರುತ್ತವೆ, 1852ರ ನಂತರ ಸಾಮಾನ್ಯವಾಗಿ ನಾಲ್ಕು. ಇಬ್ಬರ ಜಿಲ್ಲೆ, ತ್ರೈಮಾಸಿಕ, ಸಂಪುಟ, ಪುಟ ನಾಲ್ಕೂ ಕೂಡಿದರೆ ಜೋಡಿ ಸಿಕ್ಕಂತೆ. ಇಲ್ಲಿ ಕೂಡಿದ್ದು 1874ರಲ್ಲಿ.

ಮದುವೆಯ ದಾಖಲೆಯ ಮುಂದೆ ಸ್ವಲ್ಪ ಹೊತ್ತು ಕೂರಬೇಕು. ವಯಸ್ಸಿನ ಜಾಗದಲ್ಲಿ ‘ಪ್ರಾಪ್ತ ವಯಸ್ಸು’ ಎಂದಷ್ಟೇ ಇದ್ದರೆ 21 ದಾಟಿದೆ ಎಂದರ್ಥ, ಎಷ್ಟು ದಾಟಿದೆ ಎಂದಲ್ಲ. ವರನ ಕಸುಬು ಕಮ್ಮಾರ. ವರನ ತಂದೆಯ ಹೆಸರು, ಕಸುಬು, ಅದೂ ಕಮ್ಮಾರ. ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರೂ ‘ಮೃತ’ ಎಂದು ಬರೆಯದೆ ಬಿಟ್ಟ ರಿಜಿಸ್ಟರುಗಳು ಸಾಕಷ್ಟಿವೆ, ಹಾಗಾಗಿ ಬದುಕಿದ್ದನೆಂದು ನಂಬಬಾರದು. ಇನ್ನು ಸಹಿ. ಕೇಂದ್ರ ಕಚೇರಿಯಿಂದ ತರಿಸಿದ ಪ್ರಮಾಣಪತ್ರದಲ್ಲಿ ಕಾಣುವುದು ನಕಲಿನಿಂದ ಬಂದದ್ದು: ಚರ್ಚಿನವರು ಮೂರು ತಿಂಗಳಿಗೊಮ್ಮೆ ಬರೆದು ಕಳಿಸಿದ ಪ್ರತಿ. ಆ ಅಕ್ಷರ ಕಮ್ಮಾರನದಲ್ಲ. ನಿಜವಾದ ಸಹಿ ಬೇಕೆಂದರೆ ಚರ್ಚಿನ ಮೂಲ ರಿಜಿಸ್ಟರಿನ ಚಿತ್ರವನ್ನೇ ನೋಡಬೇಕು. ಅಲ್ಲಿ ಕಮ್ಮಾರ ತನ್ನ ಹೆಸರನ್ನು ತಾನೇ ಬರೆದಿದ್ದಾನೆ, ಅಕ್ಷರಗಳ ಮೇಲೆ ಪೆನ್ನನ್ನು ಒತ್ತಿದ ಗುರುತಿದೆ. ಹೆಂಡತಿಯ ಹೆಸರಿನ ನಡುವೆ ಸಹಿ ಮಾಡಲು ಬಾರದವರು ಹಾಕುವ ಗುಣಾಕಾರದ ಗುರುತು. ಆತನ ಕೈ ಬರಹ ಉಳಿದಿರುವುದು ಆ ಒಂದೇ ಕಡೆ. ವಿಕ್ಟೋರಿಯಾ ಕಾಲದ ಕಸುಬುದಾರನ ಬಗ್ಗೆ ಬರೆದವರೆಲ್ಲ ಬೇರೆಯವರೇ: ಪಾದ್ರಿ, ರಿಜಿಸ್ಟ್ರಾರ್, ಗಣತಿದಾರ, ಗುಮಾಸ್ತ. ಆದ್ದರಿಂದ ಪ್ರತಿ ದಾಖಲೆಯ ಪಕ್ಕದಲ್ಲೂ ಈ ಮಾತು ಹೇಳಿದವರು ಯಾರು, ಬರೆದುಕೊಂಡವರು ಯಾರು ಎಂದು ಗುರುತು ಹಾಕಿಕೊಳ್ಳಬೇಕು. ಈ ಅಭ್ಯಾಸವೊಂದಿದ್ದರೆ ಅರ್ಧ ತಪ್ಪುಗಳು ಆಗುವುದೇ ಇಲ್ಲ.

ಹುಟ್ಟಿದ ದಿನದ್ದೇ ಉದಾಹರಣೆ. ಸೂಚಿಯಲ್ಲಿ ಆತನಿರುವುದು 1852ರ ಜೂನ್ ತ್ರೈಮಾಸಿಕದಲ್ಲಿ. ಅಂದರೆ ಏಪ್ರಿಲ್ ಮತ್ತು ಜೂನ್ ನಡುವೆ ಹುಟ್ಟಿದನೆಂದಲ್ಲ, ಆಗ ನೋಂದಣಿಯಾಯಿತೆಂದು. ಹುಟ್ಟಿದ 42 ದಿನದೊಳಗೆ ಬರೆಸಬೇಕು, ತಡವಾದರೆ ಶುಲ್ಕ. ಅದನ್ನು ತಪ್ಪಿಸಿಕೊಳ್ಳಲು ಕೆಲವು ತಾಯಂದಿರು ತಾರೀಕನ್ನೇ ಮುಂದೆ ತಳ್ಳುತ್ತಿದ್ದರು. ಇವನ ಪ್ರಮಾಣಪತ್ರದಲ್ಲಿ ಹುಟ್ಟು ಮಾರ್ಚ್ ಮಧ್ಯದಲ್ಲಿ. ಚರ್ಚಿನಲ್ಲಿ ದೀಕ್ಷಾಸ್ನಾನ ಆಗಿದ್ದು ಫೆಬ್ರವರಿ ಕೊನೆಯಲ್ಲಿ. ಮಗು ಹುಟ್ಟುವ ಮುಂಚೆ ದೀಕ್ಷೆ ಆಗದು, ಹಾಗಾಗಿ ಚರ್ಚಿನ ತಾರೀಕೇ ನಂಬಿಕೆಗೆ ಅರ್ಹ. ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಬರೆಸದಿದ್ದರೆ ದಂಡ ಎಂಬ ಕಟ್ಟುನಿಟ್ಟು ಬಂದದ್ದು 1875ರಿಂದ. ನಡುವಿನ ವರ್ಷಗಳಲ್ಲಿ ಸೂಚಿಗೆ ಸೇರದೇ ಹೋದ ಮಕ್ಕಳಿದ್ದಾರೆ.

ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಇನ್ನೊಂದು ಲಾಭವಿದೆ, ಇದನ್ನು ಉಪಯೋಗಿಸುವವರು ಕಡಿಮೆ. 1813ರಿಂದ ಪುಟಕ್ಕೆ ಎಂಟು ದಾಖಲೆಗಳ ಅಚ್ಚಿನ ನಮೂನೆ ಬಂತು. ಅದರಲ್ಲಿ ತಂದೆಯ ವಾಸಸ್ಥಳಕ್ಕೂ ಕಸುಬಿಗೂ ಕಾಲಂ ಇದೆ. ಗಣತಿ ಹತ್ತು ವರ್ಷಕ್ಕೊಮ್ಮೆ ಬರುತ್ತದೆ, ಮಗು ಎರಡು ವರ್ಷಕ್ಕೊಮ್ಮೆ. ಎಲ್ಲ ಮಕ್ಕಳ ದೀಕ್ಷಾಸ್ನಾನವನ್ನೂ ಸಾಲಾಗಿ ಬರೆದುಕೊಂಡರೆ ತಂದೆಯ ಕೆಲಸ, ಮನೆ ಬದಲಾದದ್ದು ಎದ್ದು ಕಾಣುತ್ತದೆ. ಕಾರ್ನ್‌ವಾಲ್ ಆನ್‌ಲೈನ್ ಪ್ಯಾರಿಷ್ ಕ್ಲರ್ಕ್ಸ್ ಎಂಬ ಸ್ವಯಂಸೇವಕರ ದತ್ತಾಂಶದಲ್ಲಿ ಇವನ್ನು ಉಚಿತವಾಗಿ ಹುಡುಕಬಹುದು.

ಗಣತಿಗೆ ಬಂದರೆ, 1861ರ ಏಪ್ರಿಲ್ 7ರಂದು ಹುಡುಗನಿಗೆ 9. ತಂದೆ ‘ಕಮ್ಮಾರ, ಒಡೆಯ, ಒಬ್ಬ ಆಳು ಒಬ್ಬ ಹುಡುಗ’. ಸ್ವಂತ ಕುಲುಮೆ ಇದ್ದವರು ಎಷ್ಟು ಜನರನ್ನಿಟ್ಟುಕೊಂಡಿದ್ದಾರೆ ಎಂದು 1851ರಿಂದ ಬರೆಯಬೇಕಿತ್ತು. 1871ರಲ್ಲಿ ಹುಡುಗನಿಗೆ 19, ಅಪ್ರೆಂಟಿಸ್. ಅವನ ವಯಸ್ಸಿನ ಅಂಕಿಯ ಮೇಲೆ ದಪ್ಪ ಗೀಟು ಎಳೆದಿದೆ, 19 ಓದಿದರೆ 14ರಂತೆಯೂ ಕಾಣುತ್ತದೆ. ಅದು ಹೊಡೆದುಹಾಕಿದ್ದಲ್ಲ, ಲಂಡನ್ನಿನ ಗುಮಾಸ್ತರು ಅಂಕಿ ಅಂಶ ಕೂಡಿಸುವಾಗ ಎಣಿಸಿದ್ದಕ್ಕೆ ಹಾಕಿದ ಗುರುತು. ಇಂಥ ಕಡೆ ಬೆರಳಚ್ಚು ಮಾಡಿಟ್ಟ ಪಠ್ಯವನ್ನು ನಂಬದೆ ಚಿತ್ರವನ್ನೇ ದೊಡ್ಡದು ಮಾಡಿ ನೋಡಬೇಕು. ಹೆಸರನ್ನು ತಪ್ಪಾಗಿ ಓದಿರುವುದು ಇನ್ನೂ ಸಾಮಾನ್ಯ. ಮನೆತನದ ಹೆಸರು ಸಿಗದಿದ್ದರೆ ಅದನ್ನು ಖಾಲಿ ಬಿಟ್ಟು, ಮನೆಯಲ್ಲಿ ಅಪರೂಪದ ಹೆಸರಿರುವ ತಮ್ಮನೋ ತಂಗಿಯೋ ಇದ್ದರೆ ಆ ಹೆಸರು, ವಯಸ್ಸು, ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಕೊಟ್ಟು ಹುಡುಕಿದರೆ ಸಂಸಾರವೇ ಎದುರಿಗೆ ಬರುತ್ತದೆ. ಸಿಕ್ಕ ಕೂಡಲೇ ಆರ್‌ಜಿ 10 (1871ರ ಗಣತಿಯ ಕಡತ ಗುರುತು), ಕಟ್ಟಿನ ಸಂಖ್ಯೆ, ಫೋಲಿಯೋ ಅಂದರೆ ಹಾಳೆಯ ಸಂಖ್ಯೆ, ಪುಟ ಎಂದು ಪೂರ್ತಿ ಬರೆದುಕೊಳ್ಳಿ. ಫೋಲಿಯೋ ಸಂಖ್ಯೆಯ ಮುದ್ರೆ ಬಲಗಡೆ ಪುಟದ ಮೇಲ್ಮೂಲೆಯಲ್ಲಿ ಮಾತ್ರ ಇರುತ್ತದೆ. ಎಡಗಡೆ ಪುಟವಾದರೆ ಅದರ ಹಿಂದಿನ ಚಿತ್ರ ತೆರೆಯಬೇಕು.

ಅದೇ ಪ್ಯಾರಿಷ್‌ನಲ್ಲಿ ಅದೇ ಹೆಸರಿನ, ಎರಡು ವರ್ಷ ದೊಡ್ಡವನಾದ ಇನ್ನೊಬ್ಬ ಕಮ್ಮಾರನೂ ಇದ್ದ. ಕಾರ್ನ್‌ವಾಲ್‌ನಲ್ಲಿ ಇದು ಆಶ್ಚರ್ಯವಲ್ಲ, ಬೆರಳೆಣಿಕೆಯ ಹೆಸರುಗಳೇ ಮತ್ತೆ ಮತ್ತೆ ಬರುತ್ತವೆ. ಯಾರೋ ಆನ್‌ಲೈನ್‌ನಲ್ಲಿ ಹಾಕಿದ ವಂಶವೃಕ್ಷದಲ್ಲಿ ಇಬ್ಬರನ್ನೂ ಬೆಸೆದು ಒಬ್ಬನನ್ನಾಗಿ ಮಾಡಿಬಿಟ್ಟಿದ್ದಾರೆ. ಮೂಲ ಚಿತ್ರದ ಆಧಾರ ತೋರಿಸದ ವಂಶವೃಕ್ಷಕ್ಕೆ ಬೆಲೆಯಿಲ್ಲ, ಎಷ್ಟು ಜನ ಅದನ್ನು ನಕಲು ಮಾಡಿಕೊಂಡಿದ್ದರೂ ಸರಿ. ನಮ್ಮವನನ್ನು ಖಚಿತಪಡಿಸಿಕೊಳ್ಳಲು ಆ ಇನ್ನೊಬ್ಬನನ್ನು ಹಿಂಬಾಲಿಸಬೇಕಾಯಿತು: ಮದುವೆ, 1891 ಮತ್ತು 1901ರ ಗಣತಿಯಲ್ಲಿ ಬೇರೆ ಹೆಂಡತಿಯೊಂದಿಗೆ ಇಲೋಗನ್ ಪ್ಯಾರಿಷ್‌ನಲ್ಲಿ ವಾಸ. 1901ರಲ್ಲಿ ಬದುಕಿದ್ದವನು 1896ರಲ್ಲಿ ಚಾಂಪಿಯನ್ ರೀಫ್‌ನಲ್ಲಿ ಸತ್ತವನಾಗಲಾರ.

ಗಣಿಗೆ ಕಮ್ಮಾರ ಏಕೆ ಬೇಕು ಎಂಬುದೂ ದಾಖಲೆಗಳಲ್ಲೇ ಇದೆ. ಬಂಡೆ ಕೊರೆಯುವ ಉಕ್ಕಿನ ಸರಳು ಗ್ರಾನೈಟಿನಲ್ಲಿ ಬೇಗ ಮೊಂಡಾಗುತ್ತದೆ. ಅದನ್ನು ಮೇಲೆ ತಂದು, ಕುಲುಮೆಯಲ್ಲಿ ಕಾಯಿಸಿ, ಬಡಿದು ಮೊನೆ ತೆಗೆದು, ನೀರಿನಲ್ಲಿ ಅದ್ದಿ ಹದ ಹಾಕಬೇಕು. ಹದ ಹೆಚ್ಚಾದರೆ ಮೊನೆ ಚಕ್ಕೆ ಏಳುತ್ತದೆ, ಕಡಿಮೆಯಾದರೆ ಮಡಚಿಕೊಳ್ಳುತ್ತದೆ. ಕಾರ್ನ್‌ವಾಲ್‌ನ ಗಣಿ ಲೆಕ್ಕದ ಪುಸ್ತಕಗಳಲ್ಲಿ ಕೆಲಸಗಾರರ ದುಡಿಮೆಯಿಂದ ಮೇಣದ ಬತ್ತಿ, ಸಿಡಿಮದ್ದು, ಕಮ್ಮಾರನ ಖರ್ಚು ಎಂದು ಹಣ ಮುರಿದುಕೊಂಡದ್ದು ಕಾಣುತ್ತದೆ. ಇಂಥ ಪುಸ್ತಕಗಳು ರೆಡ್ರೂತ್‌ನ ಕ್ರೆಸನ್ ಕರ್ನೋ ದಾಖಲಾಲಯದಲ್ಲಿವೆ. ತಂದೆಯ ಕುಲುಮೆ ಎಲ್ಲಿತ್ತೆಂದು ತಿಳಿಯಲು ಗಣತಿದಾರ ನಡೆದ ದಾರಿಯನ್ನು ಬ್ರಿಟನ್ನಿನ ಸರ್ಕಾರಿ ನಕ್ಷೆ ಇಲಾಖೆಯಾದ ಆರ್ಡ್‌ನೆನ್ಸ್ ಸರ್ವೆಯ ಮೈಲಿಗೆ 25 ಇಂಚಿನ ನಕ್ಷೆಯ ಮೇಲೆ ಇಟ್ಟು ನೋಡಬೇಕು. ನೆರೆಯ ಹೆಂಡದಂಗಡಿ, ಪ್ರಾರ್ಥನಾ ಮಂದಿರ ಗುರುತಾದರೆ, ನಕ್ಷೆಯಲ್ಲಿ ‘ಸ್ಮಿದಿ’ (ಕುಲುಮೆ) ಎಂದು ಬರೆದ ಕಟ್ಟಡ ಯಾವುದೆಂದು ಗೊತ್ತಾಗುತ್ತದೆ. ಸ್ಕಾಟ್‌ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ತಾಣದಲ್ಲಿ ಇಂಗ್ಲೆಂಡಿನ ಈ ನಕ್ಷೆಗಳೂ ಉಚಿತ. ಊರೂರಿನ ಅಂಗಡಿ, ಕಸುಬುದಾರರ ಪಟ್ಟಿಯಾದ ಕೆಲ್ಲಿ ಡೈರೆಕ್ಟರಿಯಲ್ಲಿ ತಂದೆಯಿದ್ದಾನೆ, ಮಗ ಇಲ್ಲ. ಡೈರೆಕ್ಟರಿಗಳಲ್ಲಿ ಬರುವುದು ಸ್ವಂತ ಅಂಗಡಿ ಇದ್ದವರು. ಇನ್ನೊಬ್ಬರ ಕೈಕೆಳಗೆ ಕೂಲಿಗೆ ದುಡಿದವರಲ್ಲ.

1881ರಲ್ಲಿ ಮನೆಯಲ್ಲಿ ಹೆಂಡತಿ, ಮೂವರು ಮಕ್ಕಳು; ಗಂಡನಿಲ್ಲ. ಸಂಬಂಧದ ಕಾಲಂನಲ್ಲಿ ಅವಳಿಗೆ ‘ಹೆಂಡತಿ’ ಎಂದೇ ಇದೆ, ಯಜಮಾನನೆಂದು ಯಾರೂ ಇಲ್ಲ. ಗಂಡ ದೂರದಲ್ಲಿ ದುಡಿಯುತ್ತಿದ್ದಾನೆ ಎಂಬುದಕ್ಕೆ ಗಣಿ ಊರುಗಳಲ್ಲಿ ಇದೇ ಸೂಚನೆ. 1891ರಲ್ಲಿ ದೊಡ್ಡ ಮಗ ಅಜ್ಜನ ಮನೆಯಲ್ಲಿ ಅಪ್ರೆಂಟಿಸ್. ಉಳಿದವರು ಇಡೀ ಇಂಗ್ಲೆಂಡಿನಲ್ಲಿ ಎಲ್ಲೂ ಇಲ್ಲ. ಹೊರಗೆ ಹೋಗುವ ಹಡಗುಗಳ ಪ್ರಯಾಣಿಕರ ಪಟ್ಟಿ, ಬಿಟಿ 27, ಉಳಿದಿರುವುದು 1890ರಿಂದ. ಅದಕ್ಕೂ ಮುಂಚೆ ಹೊರಟವರಿಗೆ ಅದು ನೆರವಾಗದು.

ಉತ್ತರ ಬಂದದ್ದು 1911ರ ಏಪ್ರಿಲ್ 2ರ ಗಣತಿಯಿಂದ. ಹಿಂದಿನ ಗಣತಿಗಳಲ್ಲಿ ನಮಗೆ ಸಿಗುವುದು ಗಣತಿದಾರ ನಕಲು ಮಾಡಿದ ಪುಸ್ತಕ. 1911ರದ್ದು ಮನೆಯವರೇ ತುಂಬಿದ ಹಾಳೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ಸತ್ತವರೆಷ್ಟು ಎಂಬ ಪ್ರಶ್ನೆಗಳು ಗಂಡನಿರುವ ಹೆಂಗಸರಿಗೆ ಮಾತ್ರ. ಬಹಳಷ್ಟು ವಿಧವೆಯರು ಅದನ್ನೂ ತುಂಬಿದರು, ಕಚೇರಿಯವರು ಗೀಟು ಹಾಕಿದರು. ಗೀಟಿನ ಕೆಳಗೆ ಅಂಕಿ ಓದಲು ಬರುತ್ತದೆ: ಆರು, ನಾಲ್ಕು, ಎರಡು. ಕಾಗದಗಳಲ್ಲಿ ಕಂಡಿದ್ದವರು ನಾಲ್ವರೇ. ತಾಯಿಯ ತವರಿನ ಹೆಸರು ಹಿಡಿದು ರೆಡ್ರೂತ್ ಸೂಚಿ ಜಾಲಾಡಿದಾಗ 1880ರಲ್ಲಿ ಹುಟ್ಟಿ ಅದೇ ವರ್ಷ ಸತ್ತ ಒಂದು ಹೆಣ್ಣುಮಗು ಸಿಕ್ಕಿತು. ಆರನೆಯದು ಇಂಗ್ಲೆಂಡಿನ ಯಾವ ಜಿಲ್ಲೆಯಲ್ಲೂ ಇಲ್ಲ. ಅದಿದ್ದದ್ದು ಎನ್/2ರಲ್ಲಿ: 1890ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ ದೀಕ್ಷಾಸ್ನಾನ, 1891ರಲ್ಲಿ ಅಲ್ಲೇ ಸಮಾಧಿ, ಎರಡರಲ್ಲೂ ತಂದೆಯ ಕಸುಬು ಕಮ್ಮಾರ. ದೀಕ್ಷಾಸ್ನಾನದ ಸಾಲಿನಲ್ಲಿ ತಾಯಿಯ ಹೆಸರೂ ಇರುವುದರಿಂದ 1891ರ ಗಣತಿಯ ರಾತ್ರಿ ಆಕೆ ಇಂಗ್ಲೆಂಡಿನಲ್ಲಿ ಏಕೆ ಸಿಗಲಿಲ್ಲ ಎಂಬುದು ಬಗೆಹರಿಯಿತು. ಗಂಡ ಸತ್ತ ಮೇಲೆ ಯಾವಾಗ ಮರಳಿದಳು ಎಂಬುದಕ್ಕೆ ಬಿಟಿ 26ರ, ಅಂದರೆ ಇಂಗ್ಲೆಂಡಿಗೆ ಬಂದಿಳಿದ ಹಡಗುಗಳ 1896 ಮತ್ತು 1897ರ ಪಟ್ಟಿಗಳನ್ನು ಆಕೆಯ ಹೆಸರಿನಲ್ಲೂ ಜತೆಗಿದ್ದ ಮಕ್ಕಳ ಹೆಸರಿನಲ್ಲೂ ನೋಡಬೇಕು.