ನಮ್ಮ ಕೋಣೆಯ ಮಿಡತೆ

2006ರಲ್ಲಿ ನಾನು ಹಾಸ್ಟೆಲ್ ಸೇರಿದಾಗ ಕಿಟಕಿ ಪಕ್ಕದ ಮಂಚವನ್ನು ಆಗಲೇ ಒಬ್ಬ ಹಿಡಿದಿದ್ದ. ಉಗಾಂಡದ ಕಂಪಾಲಾದವನು, ಬಗಾಂಡ ಜನಾಂಗದವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರಲ್ಲಿ ಹೆಸರೂ ಕುಲದ ಆಸ್ತಿ. ಹೆಸರು ಕೇಳಿಯೇ ಬಲ್ಲವರು ಇಂಥ ಕುಲದವನೆಂದು ಹೇಳಿಬಿಡುತ್ತಾರೆ. ನಮಗೆ ಅವನು ಬರೀ ‘ಮಿಡತೆ’.

ಈ ಅಡ್ಡಹೆಸರು ಬಿದ್ದದ್ದು ಒಂದು ಮಳೆಯ ರಾತ್ರಿ. ಟ್ಯೂಬ್‌ಲೈಟಿಗೆ ಮಳೆಹುಳುಗಳು ಮುತ್ತಿ ಹಾಸಿಗೆಯ ತುಂಬ ರೆಕ್ಕೆ. ನಾವು ದೀಪ ಆರಿಸಲು ಓಡಿದರೆ ಅವನು ಬಕೆಟ್ ಹುಡುಕುತ್ತಿದ್ದ! ಊರಿನಲ್ಲಿ ಇವನ್ನು ಹುರಿದು ತಿನ್ನುತ್ತಾರಂತೆ. ನವೆಂಬರಿನಲ್ಲಿ ಹಸಿರು ಮಿಡತೆಗಳ ಸುಗ್ಗಿ. ಕಾಲು, ರೆಕ್ಕೆ ಕಿತ್ತು ಈರುಳ್ಳಿಯೊಡನೆ ಹುರಿದದ್ದು ಕಂಪಾಲಾದ ಬೀದಿಬೀದಿಗಳಲ್ಲಿ ಸಿಗುತ್ತದೆ. “ನಾನು ಮಾತ್ರ ಮುಟ್ಟುವಂತಿಲ್ಲ” ಎಂದು ನಿಟ್ಟುಸಿರಿಟ್ಟ. ಅವನದು ಎನ್ಸೆನೆನೆ, ಅಂದರೆ ಮಿಡತೆಯ ಕುಲ. ಬಗಾಂಡರಲ್ಲಿ 52 ಕುಲಗಳು. ಒಂದಕ್ಕೆ ಸಿಂಹ, ಒಂದಕ್ಕೆ ಚಿರತೆ, ಇನ್ನೊಂದಕ್ಕೆ ಅಣಬೆ. ತನ್ನ ಕುಲದ್ದನ್ನು ಯಾರೂ ತಿನ್ನುವುದಿಲ್ಲ. ಸ್ವಕುಲದ ಹೆಣ್ಣನ್ನು ತರುವುದೂ ಸಲ್ಲದು.

ಮಂಗಳೂರಿನ ಗೆಳೆಯ ಎದ್ದು ಕುಳಿತ. “ನಮ್ಮ ತುಳುವರಲ್ಲೂ ‘ಬಳಿ’ ಎಂಬ ಕುಲ ಇದೆಯಲ್ಲ, ಆದರೆ ಅದು ತಾಯಿಯಿಂದ ಬರುವುದು.” ಮಿಡತೆ ನಕ್ಕ: “ನಮ್ಮದು ತಂದೆಯಿಂದ. ತಾಯಿಯ ಕುಲ ಅರಸನಿಗೆ ಮಾತ್ರ.” ಅರಸ, ಅಂದರೆ ಕಬಾಕ, ಸಂಪ್ರದಾಯದಂತೆ ತಾಯಿಯ ಕುಲಕ್ಕೆ ಸೇರುವುದರಿಂದ ಸಿಂಹಾಸನ ಒಂದೇ ಕುಲದ ಸೊತ್ತಾಗುವುದಿಲ್ಲ, ಹೆಣ್ಣು ಕೊಟ್ಟ ಕುಲದವರು ನಾಳೆಯ ಅರಸ ನಮ್ಮವನೆಂದು ಎದೆ ತಟ್ಟಿಕೊಳ್ಳಬಹುದು. ನಾನು ಓದಿದ ರಾಜ್ಯಶಾಸ್ತ್ರದಲ್ಲಿ ಇಷ್ಟು ಜಾಣ ಉಪಾಯ ಇನ್ನೊಂದನ್ನು ಕಾಣಲಿಲ್ಲ. 1967ರಲ್ಲಿ ಸರ್ಕಾರ ಅರಸೊತ್ತಿಗೆಗಳನ್ನೇ ರದ್ದು ಮಾಡಿತ್ತು. 1993ರಲ್ಲಿ ಕಬಾಕನಿಗೆ ಮತ್ತೆ ಪಟ್ಟವಾದಾಗ ಇವನು ಅಪ್ಪನ ಹೆಗಲ ಮೇಲಿದ್ದ.

ಒಮ್ಮೆ ಮೆಸ್ಸಿನ ತಟ್ಟೆಯಲ್ಲಿ ಅನ್ನದ ಉಂಡೆಗಳನ್ನಿಟ್ಟು ಕುಲದ ಕಟ್ಟನ್ನು ತೋರಿಸಿದ. ಎಲ್ಲಕ್ಕಿಂತ ಮೇಲೆ ಕುಲದ ಮುಖ್ಯಸ್ಥ ಓವಕಸೋಲ್ಯ, ಅಂದರೆ ಮಾಡಿನ ತುದಿಯವನು. ಕೆಳಗಿನ ಕವಲು ಸ್ಸಿಗ, ಅಂದರೆ ಒಲೆಗುಂಡು. ಅದರ ಕೆಳಗೆ ಮುತುಬ. ತೊಗಟೆಯನ್ನು ಬಡಿದು ಬಟ್ಟೆ ಮಾಡುವ ಮರದ ಹೆಸರು. ಆಮೇಲೆ ಸಾಲು, ಅಂಗಳ, ಮನೆ. ಉಂಡೆಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳುತ್ತ ಅಪ್ಪ, ಅಜ್ಜ, ಮುತ್ತಜ್ಜ ಎಂದು ಮೂಲದವರೆಗೂ ಹೆಸರುಗಳನ್ನು ಒಪ್ಪಿಸಿ, “ಈಗ ನೀನು” ಎಂದ. ನಾನು ಮುತ್ತಜ್ಜನಲ್ಲೇ ತಡವರಿಸಿದೆ. ರಜೆಯಲ್ಲಿ ಊರಿಗೆ ಹೋದಾಗ ಕೇಳಿದರೆ ಅಜ್ಜಿ, “ಪರೀಕ್ಷೆಗೆ ಬರುತ್ತದೇನೋ?” ಎಂದರು.

ಓದು ಮುಗಿಸಿ ಅವನು ಮರಳಿದ. 2010ರ ಮಾರ್ಚ್‌ನಲ್ಲಿ ಕಂಪಾಲಾದ ಕಸುಬಿ ಗುಡ್ಡದ ಮೇಲಿನ ಅರಸರ ಸಮಾಧಿಮನೆ, ಅದೇ ದೊಡ್ಡ ಹುಲ್ಲುಮಾಡಿನದು, ಸುಟ್ಟುಹೋಯಿತು. ಇಮೇಲ್ ಬರೆದೆ. ಉತ್ತರ ಬರಲು ತಿಂಗಳಾಯಿತು. “ಹುಲ್ಲು ಹೊದಿಸುವ ಹಕ್ಕು ಎಂಗೆಯೆ ಕುಲದವರದು, ಅದೇ ಕೋತಿಯ ಕುಲ. ನಾವು ಮಿಡತೆಗಳು ನಿಂತು ನೋಡುತ್ತೇವೆ. ಅದಿರಲಿ, ನಿನ್ನ ಮುತ್ತಜ್ಜನ ಅಪ್ಪನ ಹೆಸರು ಸಿಕ್ಕಿತೇ?”