ಲೈಸೆನ್ಸ್ ‘ಕನ್ವರ್ಟ್’ ಆಗುವುದಿಲ್ಲ ಸ್ವಾಮಿ

“ನಮ್ಮ ದೇಶದ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಇದೆ, ಅಮೆರಿಕದಲ್ಲಿ ಕನ್ವರ್ಟ್ ಮಾಡಿಸೋಕೆ ಎಷ್ಟು ದಿನ ಬೇಕು?”

ಮೂರು ತಿಂಗಳು ಇಟ್ಟುಕೊಳ್ಳಿ. ಆದರೆ ಆ ‘ಕನ್ವರ್ಟ್’ ಅನ್ನೋ ಮಾತು ಮೊದಲು ಬಿಡಿ. ಹಳೆಯದನ್ನು ಕೊಟ್ಟು ಹೊಸದನ್ನು ತರೋಕೆ ಇದೇನು ಪಾತ್ರೆ ಅಂಗಡಿಯಲ್ಲ. 61.75ನೇ ನಿಯಮದಡಿ ಎಫ್‌ಎಎ (ಅಮೆರಿಕದ ವಿಮಾನಯಾನ ಪ್ರಾಧಿಕಾರ) ಕೊಡುವುದು ನಿಮ್ಮ ಮೂಲ ಲೈಸೆನ್ಸಿನ ಮೇಲೆ ಬೆಳೆಯುವ ಬದನಿಕೆ. ಮರ ಒಣಗಿದರೆ ಅದೂ ಒಣಗಿತು. ಮೂಲ ಲೈಸೆನ್ಸಿನ ನಂಬರು ಆ ಕಾರ್ಡಿನ ಮೇಲೇ ಇರುತ್ತದೆ. ಹಾರುವಾಗ ಎರಡೂ ಜೊತೆಗಿರಬೇಕು. ನಿಮ್ಮ ದೇಶದವರು ನಂಬರು ಬದಲಿಸಿದರೆ ಅರ್ಜಿ ಮತ್ತೆ ಮೊದಲಿಂದ.

ಹೊರಡುವ 90 ದಿನ ಮುಂಚೆಯೇ ಲೈಸೆನ್ಸ್ ಪರಿಶೀಲನೆಯ ಫಾರಂ ಓಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ ಹೋಗಲಿ. ಅವರು ನಿಮ್ಮ ದೇಶದ ಪ್ರಾಧಿಕಾರವನ್ನು ಕೇಳುತ್ತಾರೆ; ತಡವಾಗುವುದು ಹೆಚ್ಚಾಗಿ ಅಲ್ಲೇ. ಬ್ರಿಟನ್ನಿನವರು ಪ್ರತ್ಯೇಕ ಅರ್ಜಿ, ಶುಲ್ಕ ಕಟ್ಟದೆ ಉತ್ತರಿಸುವುದೇ ಇಲ್ಲ. ಪರಿಶೀಲನೆಯ ಪತ್ರ ಬಂದರೆ ಅದರ ಆಯುಸ್ಸು 6 ತಿಂಗಳು. ಅಷ್ಟರಲ್ಲಿ ಆನ್‌ಲೈನ್ ಅರ್ಜಿ ತುಂಬಿ, ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್ ಹಿಡಿದು ಎಫ್‌ಎಎ ಕಚೇರಿಗೆ ಖುದ್ದಾಗಿ ಹೋಗಬೇಕು. ಲೈಸೆನ್ಸಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು ಅಂತಿದ್ದರೆ ಮೊದಲೇ ಸರಿಮಾಡಿಸಿಕೊಳ್ಳಿ. ಅಮೆರಿಕದಲ್ಲಿ ವಿಳಾಸ ಇಲ್ಲದವರು ತಮ್ಮ ಪರವಾಗಿ ಎಫ್‌ಎಎ ಪತ್ರ ಪಡೆಯುವ ಏಜೆಂಟೊಬ್ಬರನ್ನು ಅಲ್ಲಿ ಹೆಸರಿಸಬೇಕು. ಇದು 2025ರಿಂದ ಬಂದದ್ದು.

ಲಿಖಿತ ಪರೀಕ್ಷೆ ಇಲ್ಲ, ಚೆಕ್‌ರೈಡ್ (ಪರೀಕ್ಷಕರ ಮುಂದೆ ಹಾರಾಟದ ಪರೀಕ್ಷೆ) ಇಲ್ಲ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣ ನೋಡಿಯೇ ಹಾರುವ ಅರ್ಹತೆ) ಬೇಕಾದರೆ ಮಾತ್ರ ಒಂದು ಲಿಖಿತ ಪರೀಕ್ಷೆ. ಬಾಡಿಗೆಗೆ, ಸಂಬಳಕ್ಕೆ ಹಾರುವಂತಿಲ್ಲ.

ಕಾರ್ಡು ಸಿಕ್ಕಿದ ಕೂಡಲೇ ಹಾರಬಹುದಾ? ಇಲ್ಲ. ಫ್ಲೈಟ್ ರಿವ್ಯೂ ಆಗಬೇಕು: ಕನಿಷ್ಠ 1 ಗಂಟೆ ನೆಲದ ಪಾಠ, 1 ಗಂಟೆ ಹಾರಾಟ. ಇನ್‌ಸ್ಟ್ರಕ್ಟರ್‌ಗೆ ಸಮಾಧಾನವಾಗದಿದ್ದರೆ ಸಹಿ ಬೀಳುವುದಿಲ್ಲ, ಗಂಟೆ ಬೆಳೆಯುತ್ತದೆ.

ದಿನದ ಲೆಕ್ಕ ಕೇಳುವವರು, ಅಲ್ಲಿ ಹಾರಾಟ ಯಾವುದರಲ್ಲಿ ಬೇರೆ ಅಂತ ಯಾಕೆ ಕೇಳುವುದಿಲ್ಲವೋ! ಇನ್‌ಸ್ಟ್ರಕ್ಟರ್ ಸಹಿ ತಡೆಯುವುದು ಅಲ್ಲೇ. ಎತ್ತರ ತೋರಿಸುವ ಆಲ್ಟಿಮೀಟರ್‌ಗೆ ಕೊಡುವ ಗಾಳಿಯೊತ್ತಡದ ಸೆಟ್ಟಿಂಗ್ ಹೆಕ್ಟೊಪಾಸ್ಕಲ್‌ನಲ್ಲಲ್ಲ, ಪಾದರಸದ ಇಂಚಿನಲ್ಲಿ. 1013 ಅಲ್ಲಿ 29.92. ಒಂದು ಇಂಚು ತಪ್ಪಿಟ್ಟರೆ ಸುಮಾರು 1,000 ಅಡಿ ತಪ್ಪು. ಟ್ರಾನ್ಸಿಷನ್ ಆಲ್ಟಿಟ್ಯೂಡ್ (ಎಲ್ಲರೂ 29.92ಕ್ಕೆ ಬದಲಿಸುವ ಎತ್ತರ) ದೇಶಕ್ಕೆಲ್ಲ ಒಂದೇ, 18,000 ಅಡಿ. ಟವರ್ ಇಲ್ಲದ ವಿಮಾನ ನಿಲ್ದಾಣಗಳೇ ಹೆಚ್ಚು. ಅಲ್ಲಿ ಯಾರನ್ನೂ ಕೇಳುವಂತಿಲ್ಲ, ನೀವೆಲ್ಲಿದ್ದೀರಿ, ಏನು ಮಾಡುತ್ತೀರಿ ಅಂತ ರೇಡಿಯೊದಲ್ಲಿ ನೀವೇ ಹೇಳುತ್ತಾ ಹೋಗಬೇಕು. ದೊಡ್ಡ ನಿಲ್ದಾಣಗಳ ಸುತ್ತಲಿನ ನಿಯಂತ್ರಿತ ವಾಯುಪ್ರದೇಶಕ್ಕೆ ಕ್ಲಾಸ್ ಸಿ, ಅತಿ ದಟ್ಟಣೆಯದಕ್ಕೆ ಕ್ಲಾಸ್ ಬಿ ಅನ್ನುತ್ತಾರೆ. ಕಂಟ್ರೋಲರ್ ನಿಮ್ಮ ಕಾಲ್‌ಸೈನ್ (ರೇಡಿಯೊದಲ್ಲಿ ವಿಮಾನದ ಹೆಸರು) ಹೇಳಿ ‘ಸ್ಟ್ಯಾಂಡ್‌ಬೈ’ ಅಂದರೂ ಕ್ಲಾಸ್ ಸಿ ಒಳಗೆ ಹೋಗಬಹುದು. ಕ್ಲಾಸ್ ಬಿಗೆ ಅಷ್ಟು ಸಾಲದು, ‘ಕ್ಲಿಯರ್ಡ್’ ಅನ್ನುವುದು ಕಿವಿಗೆ ಬೀಳಲೇಬೇಕು.