ಗೆರೆ ಹಾಕಿ ಬರೆದರೆ ಅದು ಮೋಸ ಅಲ್ವಾ?

ವರ್ಷಕ್ಕೆ ಹತ್ತಾರು ಸಲ ನನಗೆ ಈ ಪ್ರಶ್ನೆ ಬರುತ್ತದೆ. ಮನೆಗೆ ಬಂದವರು ಮೇಜಿನ ಮೇಲಿರುವ ಅರ್ಧ ಮುಗಿದ ಚಿತ್ರ ನೋಡುತ್ತಾರೆ. ಮೊದಲು "ಅಯ್ಯೋ, ಥೇಟ್ ಅವರ ಹಾಗೇ ಇದೆಯಲ್ಲ!" ಅನ್ನುತ್ತಾರೆ. ಆಮೇಲೆ ಹತ್ತಿರ ಬಗ್ಗಿ, ಕೆನ್ನೆಯ ಮೇಲೆ ಹಾದುಹೋಗಿರುವ ತೆಳ್ಳನೆ ಪೆನ್ಸಿಲ್ ಚೌಕಗಳನ್ನು ಕಂಡು, ದನಿ ಇಳಿಸಿ ಕೇಳುತ್ತಾರೆ: "ಓ, ಗ್ರಿಡ್ ಹಾಕ್ಕೊಂಡು ಬರೆದಿದ್ದಾ? ಹಾಗಾದ್ರೆ ಕಾಪಿ ಅಲ್ವಾ?" ಗ್ರಿಡ್ ಅಂದರೆ ಇಷ್ಟೇ: ಫೋಟೋ ಮೇಲೂ ಕಾಗದದ ಮೇಲೂ ಲೆಕ್ಕಕ್ಕೆ ಅಷ್ಟೇ ಚೌಕ ಹಾಕಿಕೊಂಡು, ಫೋಟೋದ ಒಂದೊಂದು ಚೌಕದಲ್ಲಿ ಕಂಡದ್ದನ್ನು ಕಾಗದದ ಅದೇ ಚೌಕದಲ್ಲಿ ಬರೆಯುವುದು.

ಒಂದು ಸಲ ಬೆಂಗಳೂರಿನ ಚಿತ್ರಸಂತೆಯಲ್ಲಿ, ಕುಮಾರಕೃಪಾ ರಸ್ತೆಯ ಅಂಚಿನಲ್ಲಿ ಚಿತ್ರಗಳನ್ನು ಒರಗಿಸಿಟ್ಟು ಕೂತಿದ್ದಾಗ, ಎಂಟನೇ ಕ್ಲಾಸಿನ ಒಬ್ಬ ಹುಡುಗ ನಿಂತು ಕೇಳಿದ. "ಆಂಟಿ, ನಾವು ಗ್ರಿಡ್ ಹಾಕಿದ್ರೆ ನಮ್ಮ ಡ್ರಾಯಿಂಗ್ ಸರ್ ಮಾರ್ಕ್ಸ್ ಕಟ್ ಮಾಡ್ತಾರೆ. ನೀವು ಹಾಕಬಹುದಾ?" ಹಿಂದಿನಿಂದ ಜನ ತಳ್ಳುತ್ತಿದ್ದರು, ಅವನ ಅಪ್ಪ ಕೈ ಹಿಡಿದು ಎಳೆಯುತ್ತಿದ್ದರು, ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ಆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಹಾಕಬಹುದು. ಅದು ಮೋಸ ಅಲ್ಲ. ಯಾಕೆ ಅಂತ ಹೇಳಬೇಕಾದರೆ ಒಂದು ಚಿತ್ರ ಬರೆದ ಕಥೆಯನ್ನೇ ಹೇಳಬೇಕು.

ನಮ್ಮ ಪಕ್ಕದ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಯಜಮಾನರು ತೀರಿಕೊಂಡು ಒಂದು ವರ್ಷ ಆಗುತ್ತಾ ಬಂದಿತ್ತು, ವರ್ಷದ ತಿಥಿಗೆ ಗೋಡೆಯ ಮೇಲೆ ಒಂದು ಪಟ ಬೇಕು ಅಂತ ಅವರ ಆಸೆ. ಆದರೆ ತಾತ ಒಬ್ಬರೇ ಇರುವ ಫೋಟೋ ಅಂತ ಸಿಕ್ಕಿದ್ದು ಒಂದೇ ಒಂದು, ಅದೂ ಪಾಸ್‌ಪೋರ್ಟ್ ಸೈಜಿನದು. ಮದುವೆ ಮನೆಗಳ ಗುಂಪು ಫೋಟೋಗಳಲ್ಲಿ ಅವರ ಮುಖ ಕಡಲೆಕಾಳಿನಷ್ಟು. ಪಾಸ್‌ಪೋರ್ಟ್ ಫೋಟೋವನ್ನೇ ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿದ್ದರು, ಮುಖವೆಲ್ಲ ಮಬ್ಬು ಮಬ್ಬಾಗಿ ಬಂದಿತ್ತು. "ನೋಡಮ್ಮ, ಇದೊಂದೇ ಇರೋದು. ನಿನ್ನ ಕೈಲಿ ಆಗುತ್ತಾ?" ಅಂದರು.

ಪಾಸ್‌ಪೋರ್ಟ್ ಫೋಟೋ 3.5 ಸೆಂಟಿಮೀಟರ್ ಅಗಲ, 4.5 ಎತ್ತರ. ಅರ್ಧ ಸೆಂಟಿಮೀಟರಿಗೊಂದು ಗೆರೆ ಹಾಕಿದರೆ ಅಡ್ಡಕ್ಕೆ 7 ಚೌಕ, ಉದ್ದಕ್ಕೆ 9, ಒಟ್ಟು 63. ಕಾಗದದ ಮೇಲೆ ಅದೇ 63 ಚೌಕಗಳನ್ನು 4 ಸೆಂಟಿಮೀಟರ್ ಅಳತೆಯಲ್ಲಿ ಹಾಕಿದೆ. ಆಗ ಚಿತ್ರ 28 ಸೆಂಟಿಮೀಟರ್ ಅಗಲ, 36 ಎತ್ತರ ಆಗುತ್ತದೆ, ಎ3 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ. ಫೋಟೋಗಿಂತ ಎಂಟು ಪಟ್ಟು ದೊಡ್ಡದು. ಇದ್ದಿದ್ದು ಒಂದೇ ಫೋಟೋ ಆದ್ದರಿಂದ ಅದರ ಮೇಲೆ ಗೆರೆ ಎಳೆಯಲು ಮನಸ್ಸು ಬರಲಿಲ್ಲ. ಅವೆನ್ಯೂ ರಸ್ತೆಯಿಂದ ಆಚೆ ಬದಿ ಕಾಣುವ ಪ್ಲಾಸ್ಟಿಕ್ ಹಾಳೆ, ಅಂದರೆ ಒಂದು ಓಎಚ್‌ಪಿ ಶೀಟ್ ತಂದು, ಅದರ ಮೇಲೆ ಸಣ್ಣ ಮೊನೆಯ ಪೆನ್ನಿನಲ್ಲಿ ಚೌಕ ಹಾಕಿ, ಫೋಟೋ ಮೇಲೆ ಇಟ್ಟು ಟೇಪ್ ಅಂಟಿಸಿದೆ.

ಗೆರೆ ಹಾಕುವುದರಲ್ಲೇ ಹೊಸಬರು ಅರ್ಧ ತಪ್ಪು ಮಾಡುತ್ತಾರೆ. ಒಂದು ಚೌಕ ಅಳೆದು, ಸ್ಕೇಲ್ ಜರುಗಿಸಿ, ಇನ್ನೊಂದು ಅಳೆಯುತ್ತಾರೆ. ಪ್ರತಿ ಸಲ ಕೂದಲೆಳೆಯಷ್ಟು ತಪ್ಪಿದರೂ ಕೊನೆಗೆ ಬರುವ ಹೊತ್ತಿಗೆ ಅದು ದೊಡ್ಡದಾಗಿರುತ್ತದೆ. ಸ್ಕೇಲಿನ ಸೊನ್ನೆಯನ್ನು ಅಂಚಿಗೆ ಇಟ್ಟು, ಅಲ್ಲಾಡಿಸದೆ, 4, 8, 12 ಅಂತ ಒಟ್ಟಿಗೇ ಗುರುತು ಹಾಕಬೇಕು. ಮೇಲೂ ಹಾಕಬೇಕು, ಕೆಳಗೂ ಹಾಕಬೇಕು. ಪೆನ್ಸಿಲ್ ಎಚ್‌ಬಿ ಇರಲಿ, ಕೈ ಹಗುರ ಇರಲಿ. ಒತ್ತಿ ಎಳೆದರೆ ಕಾಗದದಲ್ಲಿ ಗೀರು ಬೀಳುತ್ತದೆ, ಆಮೇಲೆ ಎಷ್ಟು ರಬ್ಬರ್ ಉಜ್ಜಿದರೂ ಆ ಗೀರು ಶೇಡಿಂಗ್ ಮಧ್ಯೆ ಬಿಳಿ ದಾರದ ಹಾಗೆ ಎದ್ದು ಕಾಣುತ್ತದೆ. ಇನ್ನೊಂದು ಮಾತು, ಫೋಟೋ ಪ್ರಿಂಟ್ ಹಾಕಿಸುವಾಗ ಹುಷಾರು. ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಾಗದ ತುಂಬಲಿ ಅಂತ ಫೋಟೋವನ್ನು ಉದ್ದಕ್ಕೆ ಎಳೆದು ಪ್ರಿಂಟ್ ಕೊಟ್ಟಿದ್ದರು, ನಾನು ನೋಡಿಕೊಳ್ಳದೆ ಎರಡು ದಿನ ಕೂತು ಬರೆದೆ. ಮದುಮಗಳ ಮುಖ ಸೌತೆಕಾಯಿ ಥರ ಉದ್ದ ಬಂತು.

ಸರಿ, ಗೆರೆ ಎಲ್ಲ ಹಾಕಿದ್ದಾಯಿತು. ಈಗ ಕಾಗದದ ಮೇಲೆ ಏನಿದೆ? 63 ಖಾಲಿ ಚೌಕ. ತಾತನ ಮೂಗಿಲ್ಲ, ಕಣ್ಣಿಲ್ಲ, ಒಂದು ಕೂದಲೂ ಇಲ್ಲ. ಮೋಸ ಅನ್ನುವವರು ಈ ಹೊತ್ತಿನಲ್ಲಿ ಬಂದು ನನ್ನ ಪಕ್ಕ ಕೂರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಅಮ್ಮ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ, 15 ಚುಕ್ಕಿಯಿಂದ ಶುರುಮಾಡಿ 8ರವರೆಗೆ ಸಂದು ಚುಕ್ಕಿ ಇಟ್ಟು ರಂಗೋಲಿ ಬಿಡಿಸುತ್ತಿದ್ದರು. ಅದೇ ಚುಕ್ಕಿಗಳಲ್ಲಿ ಒಂದು ದಿನ ಕಮಲ, ಒಂದು ದಿನ ದೀಪ, ಇನ್ನೊಂದು ದಿನ ನಾಲ್ಕು ಗಿಳಿ. ಚುಕ್ಕಿ ಇಟ್ಟುಕೊಂಡು ಬಿಡಿಸಿದ್ದೀರಿ, ಇದು ಮೋಸ ಅಂತ ಬೀದಿಯಲ್ಲಿ ಯಾರೂ ಅಮ್ಮನಿಗೆ ಹೇಳಿದ್ದಿಲ್ಲ. ಚುಕ್ಕಿ ಕೈಗೆ ಜಾಗ ತೋರಿಸುತ್ತದೆ. ಎಳೆ ಎಳೆಯುವುದು ಕೈಯೇ.

ಗ್ರಿಡ್ ಕೂಡ ಜಾಗ ತೋರಿಸುತ್ತದೆ. ಆದರೆ ಅದಕ್ಕಿಂತ ದೊಡ್ಡ ಉಪಕಾರ ಒಂದಿದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ನಾವು ಮುಖವನ್ನು ನೋಡುವುದೇ ಕಡಿಮೆ. ಮುಖ ಹೇಗಿರುತ್ತದೆ ಅಂತ ನಮಗೆ ಗೊತ್ತು ಅಂದುಕೊಂಡಿರುತ್ತೇವೆ, ಆ ಗೊತ್ತಿರುವುದನ್ನೇ ಬರೆದುಬಿಡುತ್ತೇವೆ. ಬೇಕಿದ್ದರೆ ಈಗಲೇ ಯಾರಿಗಾದರೂ ಒಂದು ಮುಖ ಬರೆಯಲು ಹೇಳಿ. ಕಣ್ಣನ್ನು ಹಣೆಯ ಹತ್ತಿರ ಇಡುತ್ತಾರೆ. ನಿಜವಾಗಿ ಕಣ್ಣು ಇರುವುದು ನೆತ್ತಿಗೂ ಗಲ್ಲಕ್ಕೂ ಹೆಚ್ಚುಕಮ್ಮಿ ನಡುಮಧ್ಯದಲ್ಲಿ. ಕಣ್ಣು ಅಂದರೆ ಬಾದಾಮಿ ಆಕಾರ ಬರೆದು ಒಳಗೆ ಒಂದು ದುಂಡನೆ ಗುಡ್ಡೆ, ಸುತ್ತ ಖಾಲಿ ಬಿಳಿ. ಆದರೆ ಕಣ್ಣಿನ ಬಿಳಿ ಬಿಳಿಯಾಗಿರುವುದಿಲ್ಲ, ರೆಪ್ಪೆಯ ನೆರಳು ಬಿದ್ದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮೂಗಿಗೆ ಎರಡೂ ಕಡೆ ಗೆರೆ ಎಳೆಯುತ್ತಾರೆ, ಮೂಗಿಗೆ ಗೆರೆ ಅನ್ನುವುದೇ ಇಲ್ಲ, ಒಂದು ಕಡೆಯ ಬೆಳಕು ಇನ್ನೊಂದು ಕಡೆಯ ನೆರಳಿಗೆ ನಿಧಾನಕ್ಕೆ ಜಾರುತ್ತದೆ ಅಷ್ಟೇ.

ಮೇಲಿಂದ ಐದನೇ ಸಾಲು, ಎಡದಿಂದ ಮೂರನೇ ಚೌಕ. ತಾತನ ಬಲಗಣ್ಣು ಪೂರ್ತಿ ಅದರೊಳಗೇ ಕೂತಿತ್ತು. ಉಳಿದ 62 ಚೌಕಗಳನ್ನು ಕಾಗದದಿಂದ ಮುಚ್ಚಿ, ಅದೊಂದನ್ನೇ ಭೂತಗನ್ನಡಿಯಲ್ಲಿ ನೋಡಿದಾಗ ಅದು ಕಣ್ಣು ಅಂತಲೇ ಅನ್ನಿಸಲಿಲ್ಲ. ಒಂದು ಕಪ್ಪು ತ್ರಿಕೋನ, ಅದರ ಪಕ್ಕ ಬೂದಿ ಬಣ್ಣದ ಒಂದು ತುಣುಕು, ಕೆಳಗೆ ಸ್ವಲ್ಪ ತಿಳಿಯಾದ ಒಂದು ಪಟ್ಟಿ, ಮಧ್ಯದಲ್ಲಿ ಸಾಸಿವೆಗಿಂತ ಸಣ್ಣ ಒಂದು ಬಿಳಿ ಚುಕ್ಕೆ. ಆ ಆಕಾರಗಳನ್ನು ಕಂಡ ಹಾಗೆ ಬರೆದೆ. ಚೌಕ ಚಿಕ್ಕದು ಬೇಕು ಅನ್ನಿಸಿ ಅದನ್ನು ಮತ್ತೆ ನಾಲ್ಕು ಮಾಡಿಕೊಂಡೆ, ಯಾಕೆಂದರೆ ಎಂಟು ಪಟ್ಟು ದೊಡ್ಡದು ಮಾಡುವಾಗ ಫೋಟೋದಲ್ಲಿ ಅರ್ಧ ಮಿಲಿಮೀಟರ್ ತಪ್ಪಾಗಿ ಓದಿದರೆ ಕಾಗದದಲ್ಲಿ ಅದು 4 ಮಿಲಿಮೀಟರ್, ಅಷ್ಟು ಸಾಕು, ಮುಖ ಬೇರೆಯವರದಾಗಲು. ಸಂಜೆ ಮುಚ್ಚಿದ ಕಾಗದ ತೆಗೆದಾಗ ಒಬ್ಬರು ನನ್ನನ್ನು ನೋಡುತ್ತಿದ್ದರು. ಎಷ್ಟು ವರ್ಷದಿಂದ ಬರೆಯುತ್ತಿದ್ದರೂ ಆ ಒಂದು ಗಳಿಗೆಗೆ ನನಗೆ ಮೈ ಜುಮ್ಮೆನ್ನುತ್ತದೆ.

ಕಾಪಿ ಅನ್ನುವವರಿಗೆ ಇನ್ನೊಂದು ವಿಷಯ ಹೇಳಬೇಕು. ಶನಿವಾರ ಸಂಜೆ ನಾಲ್ಕು ಜನ ನಮ್ಮ ಮನೆಗೆ ಕಲಿಯಲು ಬರುತ್ತಾರೆ. ಒಮ್ಮೆ ನಾಲ್ವರಿಗೂ ಒಂದೇ ಫೋಟೋದ ಪ್ರಿಂಟ್, ಒಂದೇ ಅಳತೆಯ ಚೌಕ, ಒಂದೇ ಡಬ್ಬದ ಪೆನ್ಸಿಲ್ ಕೊಟ್ಟೆ. ನಾಲ್ಕು ವಾರದ ನಂತರ ನಾಲ್ಕು ಬೇರೆ ಬೇರೆ ಮುಖ. ಅಳತೆ ಎಲ್ಲರದೂ ಸರಿಯಿತ್ತು. ಒಬ್ಬರ ಚಿತ್ರದಲ್ಲಿ ಆ ಹೆಂಗಸು ಈಗಷ್ಟೇ ನಗು ನಿಲ್ಲಿಸಿದ ಹಾಗಿದ್ದಳು, ಇನ್ನೊಬ್ಬರದರಲ್ಲಿ ನಿದ್ದೆಗೆಟ್ಟ ಹಾಗೆ. ಬಾಯಿಯ ಮೂಲೆಯ ನೆರಳಿಗೆ ಒಬ್ಬರು ಕಪ್ಪಗೆ ಬರೆಯುವ 4ಬಿ ಪೆನ್ಸಿಲ್ ಹಿಡಿದಿದ್ದರು, ಇನ್ನೊಬ್ಬರು ಎಚ್‌ಬಿಯಲ್ಲೇ ನಿಲ್ಲಿಸಿದ್ದರು. ಅಷ್ಟೇ ವ್ಯತ್ಯಾಸ. ಯಾವ ನೆರಳನ್ನು ಗಾಢ ಮಾಡಬೇಕು, ಯಾವ ಅಂಚನ್ನು ಬೆರಳಿನಿಂದ ಕರಗಿಸಬೇಕು, ಯಾವ ಸುಕ್ಕನ್ನು ಸುಮ್ನೆ ಬಿಟ್ಟುಬಿಡಬೇಕು ಅನ್ನುವುದು ಆ ಚೌಕದೊಳಗೆ ಎಲ್ಲೂ ಬರೆದಿರುವುದಿಲ್ಲ.

ಇದು ಇವತ್ತಿನ ಉಪಾಯವೂ ಅಲ್ಲ. ಪ್ರಾಚೀನ ಈಜಿಪ್ಟಿನ ಚಿತ್ರಕಾರರು ಗೋಡೆಯ ಮೇಲೆ ಕೆಂಪು ಗೆರೆಗಳ ಚೌಕ ಹಾಕುತ್ತಿದ್ದರು, ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಮೇಲಿನ ಕೂದಲಿನ ಅಂಚಿನವರೆಗೆ 18 ಚೌಕ ಅಂತ ಲೆಕ್ಕವಿತ್ತು. ಕೆಲಸ ಅರ್ಧಕ್ಕೆ ನಿಂತ ಸಮಾಧಿಗಳಲ್ಲಿ ಆ ಗೆರೆಗಳು ಈಗಲೂ ಹಾಗೇ ಕಾಣುತ್ತವೆ. ಡಚ್ ಚಿತ್ರಕಾರ ವ್ಯಾನ್ ಗೋ 1882ರಲ್ಲಿ ನೆದರ್ಲೆಂಡ್ಸಿನ ಹೇಗ್ ಊರಿನಲ್ಲಿದ್ದಾಗ ದಾರ ಕಟ್ಟಿದ ಒಂದು ಚೌಕಟ್ಟು ಮಾಡಿಸಿಕೊಂಡು, ಅದನ್ನು ಬಯಲಿಗೆ ಹೊತ್ತುಕೊಂಡು ಹೋಗಿ, ಅದರ ಮೂಲಕ ನೋಡಿ ಬರೆಯುತ್ತಿದ್ದ. ತಮ್ಮನಿಗೆ ಬರೆದ ಕಾಗದದಲ್ಲಿ ಅದರ ಚಿತ್ರವನ್ನೂ ಹಾಕಿ ಕಳಿಸಿದ್ದ.

ಅಮೆರಿಕದ ಚಿತ್ರಕಾರ ಚಕ್ ಕ್ಲೋಸ್ ಬಗ್ಗೆ ಓದಿದಾಗಲಂತೂ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಅವರಿಗೆ ಮುಖಗಳು ಗುರುತು ಸಿಗುತ್ತಿರಲಿಲ್ಲ, ಅದೊಂದು ನರದ ತೊಂದರೆ. ಅಂಥವರು ಜೀವನವಿಡೀ ಬರೆದದ್ದು ಮುಖಗಳನ್ನೇ. ಫೋಟೋ ತೆಗೆದು, ಅದಕ್ಕೆ ಚೌಕ ಹಾಕಿ, ಒಂದೊಂದೇ ಚೌಕ ತುಂಬುತ್ತಾ ಹೋಗುತ್ತಿದ್ದರು. 1967-68ರಲ್ಲಿ ಬರೆದ ಅವರದೇ ಮುಖದ ಕಪ್ಪು ಬಿಳುಪು ಚಿತ್ರ ಸುಮಾರು 9 ಅಡಿ ಎತ್ತರವಿದೆ. 1988ರಲ್ಲಿ ಬೆನ್ನುಹುರಿಯ ರಕ್ತನಾಳದ ತೊಂದರೆಯಿಂದ ಕೈಕಾಲಿನ ಸ್ವಾಧೀನ ತಪ್ಪಿದ ಮೇಲೂ ಗಾಲಿಕುರ್ಚಿಯಲ್ಲಿ ಕೂತು, ಕೈಗೆ ಕುಂಚ ಕಟ್ಟಿಸಿಕೊಂಡು, ಅದೇ ಚೌಕಗಳನ್ನು ತುಂಬಿದರು.

ಅಷ್ಟು ದೂರ ಹೋಗುವುದೂ ಬೇಡ. ಫ್ಲೆಕ್ಸ್ ಬರುವ ಮುಂಚೆ ನಮ್ಮ ಕೆ.ಜಿ. ರಸ್ತೆಯ ಥಿಯೇಟರ್‌ಗಳ ಮುಂದೆ ನಿಲ್ಲುತ್ತಿದ್ದ ಬ್ಯಾನರ್, ಕಟೌಟ್‌ಗಳನ್ನು ನೆನೆಸಿಕೊಳ್ಳಿ. ಅಂಗೈ ಅಗಲದ ಫೋಟೋ ಕೈಯಲ್ಲಿ, ಎದುರಿಗೆ ಆಳೆತ್ತರದ ಕೆನ್ನೆ. ಸಾರುವೆ ಮೇಲೆ ನಿಂತವರಿಗೆ ಇಡೀ ಮುಖ ಕಾಣುವುದೇ ಇಲ್ಲ, ಕಣ್ಣ ಮುಂದೆ ಬರೀ ಬಣ್ಣ. ಫೋಟೋಗೂ ಬಟ್ಟೆಗೂ ಚೌಕ ಹಾಕಿಕೊಂಡೇ ಅವರು ದಾರಿ ಹಿಡಿಯುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದು ಆ ಮುಖಗಳನ್ನು ಕತ್ತೆತ್ತಿ ನೋಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನ್ನು ಬರೆದವರೇ ನನ್ನ ಮೊದಲ ಮೇಷ್ಟ್ರುಗಳು.

ಮೋಸ ಅಂತ ನಾನೂ ಒಪ್ಪುವ ಒಂದು ಕೆಲಸ ಇದೆ. ಫೋಟೋವನ್ನು ಕ್ಯಾನ್ವಾಸ್ ಮೇಲೆ ತೆಳುವಾಗಿ ಪ್ರಿಂಟ್ ಹಾಕಿಸಿ, ಅದರ ಮೇಲೆ ಬಣ್ಣ ಹಚ್ಚಿ, ಇದು ಪೂರ್ತಿ ಕೈಯಲ್ಲೇ ಬರೆದದ್ದು ಅಂತ ಮಾರುವುದು. ಬೇರೆಯವರು ತೆಗೆದ ಫೋಟೋವನ್ನು ಒಂದು ಮಾತೂ ಕೇಳದೆ ಬರೆದು ಮಾರುವುದೂ ನನಗೆ ಸರಿ ಕಾಣುವುದಿಲ್ಲ. ಕೇಳಿದರೆ ಸಾಮಾನ್ಯವಾಗಿ ಯಾರೂ ಬೇಡ ಅನ್ನುವುದಿಲ್ಲ.

ಹಾಗೇ ಆ ಹುಡುಗನ ಡ್ರಾಯಿಂಗ್ ಸರ್ ತಪ್ಪು ಅಂತಲೂ ನಾನು ಹೇಳುತ್ತಿಲ್ಲ. ಎದುರಿಗೆ ಹೂಜಿ ಇಟ್ಟು ಬರೆಯಿಸುವ ಪರೀಕ್ಷೆಯಲ್ಲಿ ಅವರು ನೋಡುವುದು ಮಗುವಿನ ಕಣ್ಣಿನ ಅಂದಾಜನ್ನು, ಅಲ್ಲಿ ಗ್ರಿಡ್ ಬೇಡ. ಗ್ರಿಡ್ ಇಲ್ಲದೆ ಬರೆಯುವುದನ್ನೂ ಕಲಿಯಲೇಬೇಕು. ನಾನು ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋಗುತ್ತೇನೆ. ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತವರನ್ನು ಐದು ನಿಮಿಷದಲ್ಲಿ ಬರೆಯುತ್ತೇನೆ, ಒಂದೂ ಗೆರೆ ಹಾಕದೆ. ಬರೀ ಚೌಕ ನಂಬಿಕೊಂಡರೆ ಒಂದು ರೋಗ ಹತ್ತಿಕೊಳ್ಳುತ್ತದೆ. ಒಂದು ಚೌಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತೀರಿ, ಸೋಮವಾರದ ಚೌಕ ಕಪ್ಪಗೆ, ಮಂಗಳವಾರದ್ದು ತೆಳ್ಳಗೆ, ಕೊನೆಗೆ ಮುಖ ಕೌದಿಯ ಹಾಗೆ ತುಂಡು ತುಂಡಾಗಿ ಕಾಣುತ್ತದೆ. ಆಕಾರಗಳು ಕೂತ ಮೇಲೆ ಮುಖದಲ್ಲಿ ಎಲ್ಲಕ್ಕಿಂತ ಕಪ್ಪಾದ ಜಾಗಗಳನ್ನು ಮೊದಲು ತುಂಬಿಕೊಂಡು, ಆಗಾಗ ಎದ್ದು ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ಇಡೀ ಚಿತ್ರ ನೋಡಬೇಕು.

ತಾತನ ಚಿತ್ರ ಮುಗಿಯಲು ಮೂರು ವಾರ ಹಿಡಿಯಿತು. ಗೆರೆಗಳನ್ನೆಲ್ಲ ಅಳಿಸಿ, ಅಜ್ಜಿಯನ್ನು ಮನೆಗೆ ಕರೆದೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ, "ಎಲ್ಲ ಸರಿಯಾಗಿದೆ ಮಗಳೇ. ಆದ್ರೆ ಆ ಗಾಯದ ಕಲೆ ಎಲ್ಲಿ?" ಅಂದರು.

ಹುಬ್ಬಿನ ಮೇಲೆ ಒಂದು ಕಲೆ ಇತ್ತಂತೆ. ಹುಡುಗನಾಗಿದ್ದಾಗ ಮಾವಿನ ಮರದಿಂದ ಬಿದ್ದು ಆದದ್ದು. ನಾನು ಮತ್ತೆ ಫೋಟೋ ತೆಗೆದು ಭೂತಗನ್ನಡಿ ಹಿಡಿದೆ. ಏನೂ ಇಲ್ಲ. ಫೋಟೋ ತೆಗೆದವರು ಟಚಪ್ ಮಾಡಿ ಹಣೆಯನ್ನೆಲ್ಲ ನುಣ್ಣಗೆ ಒರೆಸಿಬಿಟ್ಟಿದ್ದರು. ಯಾವ ಚೌಕದಲ್ಲೂ ಅದು ಇರಲಿಲ್ಲ, ಕಾಗದದ ಮೇಲೆ ಈಗ ಚೌಕಗಳೂ ಇರಲಿಲ್ಲ.

ಪೆನ್ಸಿಲ್ ಮೊನೆ ಮಾಡಿಕೊಂಡು, "ಎಲ್ಲಿ ಅಂತ ನೀವೇ ತೋರಿಸಿ ಅಜ್ಜಿ" ಅಂದೆ. ಅವರು ಕಾಗದಕ್ಕೆ ತಾಗದ ಹಾಗೆ, ಒಂದು ಬೆರಳು ಅಂತರದಲ್ಲಿ, ಬಲಹುಬ್ಬಿನ ಮೇಲೆ ಬೆರಳು ಹಿಡಿದರು. "ಇಲ್ಲಿ. ಇಲ್ಲ ಇಲ್ಲ, ಇನ್ನೂ ಸ್ವಲ್ಪ ಕೆಳಗೆ. ಓರೆಯಾಗಿತ್ತು, ಹುಬ್ಬಿನ ಒಳಗೆ ಹೋಗ್ತಿತ್ತು." ಹುಬ್ಬಿನ ಕೂದಲನ್ನು ಒಂದು ಕಡೆ ರಬ್ಬರಿನಿಂದ ಸ್ವಲ್ಪ ತೆಗೆದೆ, ಪಕ್ಕದಲ್ಲಿ ತೆಳ್ಳಗೆ ನೆರಳು ಕೊಟ್ಟೆ.

"ಇನ್ನೊಂಚೂರು ಉದ್ದ," ಅಂದರು. "ಹಾಂ. ಸಾಕು."